ನಾನು ಹುಟ್ಟಿದ ದಂಡೆ

ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಅಂತ ಒಂದು ಸಾಲಿತ್ತು. ಅಲ್ಲಿ ಬರೆದದ್ದು ಸುಳ್ಳು. ಆ ಸುಳ್ಳನ್ನು ನಮ್ಮವ್ವನ ಬಾಯಿಂದ ಹೇಳಿಸಿದರು, ಹೇಳಿಸಿದವರಲ್ಲಿ ನಾನೂ ಒಬ್ಬ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ಹಾಗೆ ಅನ್ನುವವರು ಕಚೇರಿಯ ಬಾಗಿಲಲ್ಲಿ ಕಾದವರಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾನು ಜೇವರ್ಗಿಯಲ್ಲಿ ಸಾಲಿ ಮಾಸ್ತರ. ನಮ್ಮ ಮನೆ ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ, ಭೀಮಾ ಹೊಳೆಯ ದಂಡೆಯ ಮೇಲೆ. ಅಪ್ಪ ತೀರಿಕೊಂಡಿದ್ದ. ಅವ್ವ ಚಿಕ್ಕಪ್ಪನ ಸಂಸಾರದ ಜೊತೆಗಿದ್ದಳು. ನನ್ನ ಅಣ್ಣ ಯುದ್ಧಕಾಲದಲ್ಲಿ ದಂಡಿನ ಉಗ್ರಾಣದ ಕೆಲಸಕ್ಕೆ ಸೇರಿ ಇರಾಕಿನ ಬಸ್ರಾಕ್ಕೆ ಹೋದವನು, ಯುದ್ಧ ಮುಗಿದ ಮೇಲೆ ಅಲ್ಲಿಯ ಬಂದರಿನಲ್ಲೇ ನೌಕರಿ ಹಿಡಿದು ಉಳಿದಿದ್ದ. ಒಂದು ಮಧ್ಯಾಹ್ನ ಸಾಲಿಗೆ ತಂತಿ ಬಂತು. ಹಡಗಿನಿಂದ ಇಳಿಸುತ್ತಿದ್ದ ಹೊರೆ ಅಣ್ಣನ ಕಾಲ ಮೇಲೆ ಬಿದ್ದಿದೆ, ಗಾಯಕ್ಕೆ ವಿಷವೇರಿದೆ, ಮನೆಯವರು ಯಾರಾದರೂ ಬೇಗ ಬರಬೇಕು. ಹಡಗುಗಳೆಲ್ಲ ಊರಿಗೆ ಮರಳುವ ಸಿಪಾಯಿಗಳಿಂದ ತುಂಬಿದ್ದವು. ಅಣ್ಣನ ಮೇಲಿನ ಸಾಹೇಬ ಒಳ್ಳೆಯವನು, ಮುಂಬೈಯಿಂದ ವಿಮಾನದಲ್ಲಿ ನನಗೊಂದು ಜಾಗ ಹೇಳಿಸಿದ್ದ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮುಂಬೈಯ ವಿಮಾನ ಕಂಪನಿಯ ಏಜೆಂಟನಿಂದ ಕಾಗದ ಬಂತು: ಪಾಸ್‌ಪೋರ್ಟು ಬೇಕು, ಅದರ ಮೇಲೆ ಬಸ್ರಾಕ್ಕೆ ಹೋಗುವ ಪರವಾನಿಗೆಯ ಮುದ್ರೆ ಬೇಕು, ಸಿಡುಬಿನ ಚುಚ್ಚುಮದ್ದಿನ ಸರ್ಟಿಫಿಕೇಟು ಬೇಕು. ಇವಿಲ್ಲದೆ ವಿಮಾನದ ಹತ್ತಿರ ಸುಳಿಯುವಂತಿಲ್ಲ. ಅಣ್ಣ ದಂಡಿನೊಂದಿಗೆ ಹೋದಾಗ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಸಾಯಲಿಕ್ಕೆ ಹೊರಟವನಿಗೆ ಕಾಗದ ಬೇಡ, ಸಾಯುವವನನ್ನು ನೋಡಲಿಕ್ಕೆ ಹೊರಟವನಿಗೆ ಕಂತೆ ಕಾಗದ.

ಸರ್ಟಿಫಿಕೇಟು ಕೊಡುವ ಡಾಕ್ಟರು ಆಗ ಆಳಂದದಲ್ಲಿ ಬೀಡುಬಿಟ್ಟಿದ್ದರು. ಅಲ್ಲಿಯವರೆಗೆ ಹೋದೆ. ಚಿಕ್ಕಂದಿನಲ್ಲೇ ನನಗೆ ಸಿಡುಬು ಬಂದು ಹೋಗಿದೆ, ಮುಖದ ತುಂಬ ಅದರ ಕುಳಿಗಳಿವೆ. ಒಮ್ಮೆ ಬಂದವರಿಗೆ ಅದು ಮತ್ತೆ ಬರುವುದಿಲ್ಲ ಅಂತ ನಮ್ಮೂರ ಸೂಲಗಿತ್ತಿಗೂ ಗೊತ್ತು. ಮುಖ ತೋರಿಸಿದೆ.

"ಮುಖಾ ಕಾಗದಾ ಅಲ್ಲರಿ ಮಾಸ್ತರ್ರೆ. ತೋಳ ಬಿಚ್ಚರಿ" ಅಂದರು ಡಾಕ್ಟರು.

ಬಿಚ್ಚಿದೆ. ಚುಚ್ಚಿದರು. ಎರಡು ದಿನ ಜ್ವರ ಬಂತು. ಆದರೂ ಇದನ್ನು ನಾನು ಕ್ಷಮಿಸಿದ್ದೇನೆ, ಮುಂದಿನದರ ಎದುರು ಇದು ಚೇಷ್ಟೆ.

ಪಾಸ್‌ಪೋರ್ಟಿಗೆ ಮೊದಲು ನಾನು ನಿಜಾಮರ ಪ್ರಜೆ, ಮುಲ್ಕಿ, ಅಂತ ಅಫಜಲಪುರದ ಕಚೇರಿಯಿಂದ ಬರೆಸಿಕೊಂಡು ಬರಬೇಕಿತ್ತು. ಅರ್ಜಿಯಲ್ಲಿ ಹುಟ್ಟಿದ ಸ್ಥಳ ಕೇಳಿದ್ದರು. ನಾನು ಮಕ್ಕಳಿಗೆ ಸತ್ಯ ಹೇಳಲು ಕಲಿಸುವ ಮಾಸ್ತರ, ಇದ್ದದ್ದು ಇದ್ದ ಹಾಗೆ ಬರೆದೆ: ಹೊಳೆಯ ಆಚೆ ದಂಡೆಯ ಊರು, ಅವ್ವನ ತವರು. ನಮ್ಮ ಕಡೆ ಬಸುರಿಯನ್ನು ಕುಬಸ, ಅಂದರೆ ಸೀಮಂತ, ಮಾಡಿ ತವರಿನವರು ಕರೆದೊಯ್ಯುತ್ತಾರೆ, ಹೆರಿಗೆ ಅಲ್ಲೇ ಆಗಬೇಕು. ಕರೆಯಲು ಬಾರದ ತವರಿನ ಮಾನ ಮೂರು ಕಾಸಿಗೆ ಹರಾಜು. ಅಣ್ಣನೂ ನಾನೂ ಇಬ್ಬರೂ ಅಲ್ಲೇ ಹುಟ್ಟಿದವರು. ತೊಟ್ಟಿಲ ಶಾಸ್ತ್ರ ಮುಗಿಸಿ, ಮೂರು ತಿಂಗಳ ಕೂಸಾಗಿ ಹರಿಗೋಲಿನಲ್ಲಿ ಈಚೆಗೆ ಬಂದೆನಂತೆ. ಆದರೆ ಹೊಳೆಯ ಈಚೆ ನಿಜಾಮರ ಸೀಮೆ, ಆಚೆ ಇಂಗ್ರೇಜರ ಸೀಮೆ. ಆ ಹೊಳೆಯಲ್ಲಿ ನಾವು ಎಮ್ಮೆ ಮೈ ತೊಳೆಯುತ್ತಿದ್ದೆವು, ಅದು ಎರಡು ರಾಜ್ಯಗಳ ಗಡಿ ಅಂತ ನನಗೆ ಅಫಜಲಪುರದ ಕಚೇರಿಯಲ್ಲಿ ಅರ್ಜಿ ನೋಡುವ ಪೇಶಕಾರ ಸಾಹೇಬರು ಹೇಳಿದ ಮೇಲೆಯೇ ಹೊಳೆದದ್ದು.

"ನೀವು ಅಂಗ್ರೇಜಿ ರಯ್ಯತ್ ಆದ್ರಿ. ಆ ಕಡಿ ಹೋಗ್ರಿ" ಅಂದರು ಅವರು, ಅರ್ಜಿ ಮಡಚುತ್ತ.

ಆ ಕಡೆ ಹೋದೆ. ಆಚೆಯ ಜಿಲ್ಲಾ ಕಚೇರಿಯ ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. ಮನೆ ನಿಜಾಮರ ಸೀಮೆಯಲ್ಲಿ, ಹೊಲ ಅಲ್ಲಿ, ನೌಕರಿ ಅಲ್ಲಿ, ಇಲ್ಲಿಯ ದಫ್ತರಿನಲ್ಲಿ ನಿನ್ನ ಹುಟ್ಟಿನ ದಾಖಲೆಯೂ ಇಲ್ಲ, ಯಾವ ಆಧಾರದ ಮೇಲೆ ಇಲ್ಲಿಗೆ ಬಂದೆ ಅಂತ ಕೇಳಿದ. ಹಡೆದವಳ ಆಧಾರದ ಮೇಲೆ ಅಂದೆ. ಅದಕ್ಕೆ ಅವನು ನಕ್ಕ. ಅಣ್ಣನ ಕಾಲು ಕೊಳೆಯುತ್ತಿದ್ದ ಹತ್ತು ದಿನ ಹೀಗೆ ಹೊಳೆ ದಾಟುವುದರಲ್ಲೇ ಹೋದವು.

ನಮ್ಮೂರ ಲೆಕ್ಕಪತ್ರ ಬರೆಯುವ ಪಟವಾರಿ ದಾರಿ ತೋರಿಸಿದರು. "ಈಚಿ ದಂಡಿಮ್ಯಾಗ, ಮಣ್ಣೂರಾಗ ಹುಟ್ಟೀರಿ ಅಂತ ಹೊಸಾ ಅರ್ಜಿ ಬರೀರಿ. ನಿಮ್ಮವ್ವಗ ಕಚೇರ್ಯಾಗ ಹೂಂ ಅಂತ ಒಂದು ಮಾತು ಅನ್ನಸ್ರಿ, ಮುಗೀತು."

ಅವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿರಲಿಲ್ಲ. ಅದು ನನ್ನ ತಪ್ಪು. ಅಣ್ಣನ ಕಾಗದದ ಕೆಲಸ, ಕೇಳಿದ್ದಕ್ಕೆಲ್ಲ ಹೂಂ ಅನ್ನು ಅಂತಷ್ಟೇ ಹೇಳಿ ಬಂಡಿ ಹತ್ತಿಸಿದ್ದೆ. ಪೇಶಕಾರರು ಕೇಳಿದರು: "ಯಾಕವಾ, ಈ ಮಗಾ ಮಣ್ಣೂರಾಗ ನಿನ್ನ ಗಂಡನ ಮನ್ಯಾಗ ಪೈದಾ ಆಗ್ಯಾನಲ್ಲ?"

ಅವ್ವ ಸೆರಗು ಸರಿಮಾಡಿಕೊಂಡು ತಲೆಯೆತ್ತಿದಳು. "ಯಾಕ್ರಿ ಸಾಹೇಬ್ರ, ನನಗ ತವರಿಲ್ಲಂತ ತಿಳದೀರೇನು? ನಮ್ಮಪ್ಪ ತುಂಬಿದ ಹೊಳ್ಯಾಗ ಹರಗೋಲ ತಂದು ಕರಕೊಂಡು ಹೋಗ್ಯಾನ್ರಿ. ಎರಡೂ ಬಾಣಂತನ ಅಲ್ಲೇ ಆಗ್ಯಾವು."

ಕಚೇರಿಯಲ್ಲಿದ್ದವರೆಲ್ಲ ಕೇಳಿದರು. ಪಟವಾರಿ ಹಣೆ ಒತ್ತಿಕೊಂಡರು. ಪೇಶಕಾರರು ಲೇಖನಿ ಕೆಳಗಿಟ್ಟರು.

ಹೊರಗೆ ಬೇವಿನ ಮರದ ಕೆಳಗೆ, ನಾಲ್ಕು ಮಂದಿ ನೋಡುವ ಹಾಗೆ, ನಾನು ಹಡೆದವ್ವನ ಮೇಲೆ ಕೂಗಾಡಿದೆ. "ಅಲ್ಲಿ ಅಣ್ಣ ಸಾಯಾಕತ್ತಾನ, ನಿನಗ ನಿನ್ನ ತವರಿನ ಮಾನ ದೊಡ್ಡದಾತೇನಬೇ?"

"ಸುಳ್ಳ ಅಂದ್ರ ಹೇಳತೇನೋ ಯಪ್ಪಾ" ಅಂದಳು ಅವಳು. "ಆದ್ರ ನಮ್ಮಪ್ಪ ಕರಿಯಾಕ ಬರಲಿಲ್ಲಂತ ನಾ ಹ್ಯಾಂಗ ಹೇಳಲಿ?"

ಊರು ಮುಟ್ಟುವವರೆಗೆ ನಾನು ಅವಳ ಜೊತೆ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ. ಅವಳು ರೊಟ್ಟಿ ಬಡಿದು ಮುಂದಿಟ್ಟರೆ ತಟ್ಟೆ ಸರಿಸಿ ಎದ್ದೆ. ಮೂರನೆಯ ದಿನ ಬೆಳಿಗ್ಗೆ ಅವಳೇ ಸೀರೆ ಬದಲಿಸಿಕೊಂಡು ಬಂಡಿಯಲ್ಲಿ ಕೂತಿದ್ದಳು. "ನಡಿ" ಅಂದಳು, ಅಷ್ಟೇ.

ಪಟವಾರಿ ಮೊದಲೇ ಹೋಗಿ ಪೇಶಕಾರರ ಮನ ಒಲಿಸಿದ್ದರು, ಮುದುಕಿ ಮೊನ್ನೆ ತಲೆಕೆಟ್ಟು ಆಡಿದಳು ಅಂತ. ಈ ಸಲ ಅವ್ವ ಹೂಂ ಅಂದಳು, ಮಗ ಮಣ್ಣೂರಲ್ಲೇ ಹುಟ್ಟಿದ. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಪೇಶಕಾರರೂ ಈ ಸೀಮೆಯವರೇ, ಅವರ ಹೆಂಡತಿಯೂ ತವರಿನಲ್ಲೇ ಹಡೆದವಳಿರಬೇಕು. ಕಾಗದ ಗಟ್ಟಿಯಾಗಲಿ ಅಂತಲೋ ಏನೋ ಕೇಳಿಯೇಬಿಟ್ಟರು: "ತವರಿಗಿ ಯಾಕ ಹೋಗಲಿಲ್ಲ?"

ಅವ್ವ ನೆಲ ನೋಡಿದಳು. ನನ್ನನ್ನು ನೋಡಿದಳು. ನಾನು ಬೇರೆ ಕಡೆ ಮುಖ ತಿರುಗಿಸಿದೆ.

"ಕರಿಯಾಕ ಯಾರೂ ಬರಲಿಲ್ಲರಿ."

ಅದನ್ನು ಉರ್ದುವಿನಲ್ಲಿ ಬರೆದುಕೊಂಡರು, ಗಟ್ಟಿಯಾಗಿ ಓದಿದರು, ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು, ಸಾಕ್ಷಿಗೆಂದು ಬಂದಿದ್ದ ನಮ್ಮೂರಿನ ಇಬ್ಬರ ಸಹಿ ಮಾಡಿಸಿದರು. ಅವ್ವ ಹೆಬ್ಬೆಟ್ಟೊತ್ತಿದಳು. ಮಸಿ ಒರೆಸಿಕೊಳ್ಳಲು ಯಾರೂ ಅವಳಿಗೆ ಚಿಂದಿ ಕೊಡಲಿಲ್ಲ, ಸೆರಗಿಗೇ ಒರೆಸಿಕೊಂಡಳು.

ಇಬ್ಬರು ಸಾಕ್ಷಿಗಳೆಂದರೆ ನಾಲ್ಕು ದಿಕ್ಕಿಗೆ ಡಂಗುರ. ವಾರದೊಳಗೆ ಸುದ್ದಿ ಹೊಳೆ ದಾಟಿತು. ಸೋದರಮಾವ ಬಂದು ಅಂಗಳದಲ್ಲೇ ನಿಂತ. ಕೊಟ್ಟ ನೀರು ಮುಟ್ಟಲಿಲ್ಲ.

"ಯಕ್ಕಾ, ಕರಿಯಾಕ ಬಂದಿದ್ದಿಲ್ಲೇನ?"

"ಕಾಗದದ ಸಲುವಾಗಿ ಹಂಗಂದೇನೋ ತಮ್ಮಾ. ದೊಡ್ಡಾವನ ಜೀವಾ..."

"ಕಾಗದದ ಸಲುವಾಗಿ ಸತ್ತ ಅಪ್ಪನ ಮಾರಿಗಿ ಮಸಿ ಹಚ್ಚಿದಿ" ಅಂದ ಮಾವ. ನಾನು ನಡುವೆ ಬಾಯಿ ಹಾಕಿದರೆ, "ನೀ ಸುಮ್ಕಿರು, ನೀ ನಮ್ಮ ಮನ್ಯಾಗ ಹುಟ್ಟಿಲ್ಲಲ್ಲ" ಅಂದು ತಿರುಗಿ ನಡೆದ. ಮಾವನ ಮೇಲೂ ನನಗೆ ಸಿಟ್ಟಿದೆ. ಅಕ್ಕನ ಕಷ್ಟ ತಿಳಿಯದ ಮಾನ ಎಂಥ ಮಾನ?

ಕಾಗದ ಗುಲಬರ್ಗಾಕ್ಕೆ ಹೋಯಿತು, ಅಲ್ಲಿಂದ ಹೈದರಾಬಾದಿಗೆ. ಪಾಸ್‌ಪೋರ್ಟು ಕೈಗೆ ಬರುವಷ್ಟರಲ್ಲಿ ತಂತಿ ಬಂದು ಏಳು ವಾರವಾಗಿತ್ತು. ಮುಂಬೈಯಲ್ಲಿ ಅದನ್ನು ಒಬ್ಬ ತೆರೆದು ನೋಡಿದ. ವಿಮಾನ ಕರಾಚಿಯಲ್ಲಿ ಇಳಿದಾಗ ಇನ್ನೊಬ್ಬ ನೋಡಿದ. ಬಸ್ರಾದಲ್ಲಿ ಮೂರನೆಯವನು. ಮೂವರೂ ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮುದ್ರೆ ಒತ್ತಿದರು. ಹುಟ್ಟಿದ ಸ್ಥಳದ ಸಾಲಿನ ಮೇಲೆ ಒಬ್ಬನ ಕಣ್ಣೂ ನಿಲ್ಲಲಿಲ್ಲ. ನಾನು ಅವರ ಕಣ್ಣುಗಳನ್ನೇ ನೋಡುತ್ತಿದ್ದೆ. ಬಸ್ರಾದವನು ಪಕ್ಕದವನ ಜೊತೆ ಏನೋ ಹರಟುತ್ತ ಮುದ್ರೆ ಒತ್ತಿದ.

ಅಣ್ಣ ಹೋಗಿ ಆಗ ಆರು ದಿನ ಆಗಿತ್ತು. ಬಂದರಿನ ಗೆಳೆಯರೇ ಬೆಂಕಿ ಕೊಟ್ಟಿದ್ದರು. ಕೊನೆಯ ವಾರ ಪೂರ್ತಿ ಬಾಗಿಲ ಕಡೆ ನೋಡುತ್ತಿದ್ದ ಅಂತ ಅವರು ಹೇಳಿದರು. ಹೇಳದಿದ್ದರೆ ಚೆನ್ನಾಗಿತ್ತು.

ಊರಿಗೆ ಮರಳಿದೆ. ಅವ್ವ ಎಷ್ಟೋ ದಿನ ಅತ್ತಳು. ಆಮೇಲೊಂದು ದಿನ ಜೋಳ ಹಸನು ಮಾಡುತ್ತ ಕೂತವಳು ಮೊರದಿಂದ ತಲೆಯೆತ್ತದೆ ಕೇಳಿದಳು.

"ನಾ ಹೇಳಿ ಬರಿಸಿದ್ದನ್ನ ಅಲ್ಲಿ ಯಾರರ ಓದಿದ್ರೇನು?"

ಸುಳ್ಳು ಹೇಳಬಹುದಿತ್ತು. ಸುಳ್ಳು ಸಾಕಾಗಿತ್ತು ನನಗೆ. "ಯಾರೂ ಓದಲಿಲ್ಲಬೇ" ಅಂದೆ.

ಅವಳು ಮೊರ ಕೆಳಗಿಟ್ಟಳು. "ಹಂಗಾರ ಖರೇನ ಬರಸಬಹುದಿತ್ತಲ್ಲೋ."

ಶ್ರಾವಣ ಬಂತು. ಪಂಚಮಿಗೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ತವರಿನವರು ಬಂದು ಕರೆದುಕೊಂಡು ಹೋದರು. ಅವ್ವ ಎರಡು ದಿನ ಹೊಳೆಯ ದಂಡೆಗೆ ಹೋಗಿ ಕೂತು ಬಂದಳು. ಅವಳನ್ನು ಕರೆಯಲಿಕ್ಕೆ ಯಾರೂ ಬರಲಿಲ್ಲ.