ಬೆಳಗಿನ ಹೊತ್ತಿನ ಒಣಮೀನು

ಇವತ್ತು ಬೆಳಿಗ್ಗೆ ಅಂಕೋಲೆ ಪೇಟೆಯಲ್ಲಿ ಒಣಸಿಗಡಿಯ ವಾಸನೆ ಮೂಗಿಗೆ ಬಡಿದಾಗ ಹಾರವಾಡದ ನಮ್ಮ ಜಗಲಿ ನೆನಪಾಯಿತು.

ಆಗ ನಾನು ಪಿಯುಸಿ. ಅರ್ಥಶಾಸ್ತ್ರದ ಕಿರುಪರೀಕ್ಷೆಯಲ್ಲಿ ಫೇಲಾಗಿದ್ದೆ. ಆದರೂ ನಸುಕಿನಲ್ಲೆದ್ದು ನೋಟ್ಸಿಗೆ ಬಣ್ಣದ ಗೆರೆ ಎಳೆಯುತ್ತಿದ್ದೆ. ಓದು ಮಾತ್ರ ಸಂಜೆಗೆ, ತೂಕಡಿಕೆಯ ಜೊತೆ.

ಒಂದು ದಿನ ನಮ್ಮಮ್ಮ, ಅಂದರೆ ಆಯಿ, ಮೀನು ಮಾರಲು ಹೊರಟು ಜಗಲಿಯಲ್ಲಿ ಬುಟ್ಟಿ ತುಂಬುತ್ತಿದ್ದಳು. ತಳದಲ್ಲಿ ಒಣಮೀನು, ಮೇಲೆ ಹಸಿ ಬಂಗಡೆ.

"ಬಂಗಡೆ ಬಿಸಿಲೇರೂದ್ರೊಳಗೆ ಮಾರಿ ಹೋಗ್ಬೇಕು. ಒಣಮೀನು ನಾಳೆಗೂ ಆಗ್ತದೆ. ನೀ ತಲೆ ತಾಜಾ ಇದ್ದಾಗ ಒಣಮೀನು ಮಾರ್ತಾ ಕೂತಿದ್ಯಲ್ಲೇ ತಂಗೀ!" ನನ್ನ ಬಣ್ಣದ ಗೆರೆ ನೋಡಿ ಎಂದಳು.

ಬಾಯಿಪಾಠ ಮಾಡಿದ್ದ 'ಅವಕಾಶ ವೆಚ್ಚ', ಅಂದರೆ ಒಂದನ್ನು ಆರಿಸಿದಾಗ ಕೈತಪ್ಪುವ ಇನ್ನೊಂದರ ಬೆಲೆ, ಆಗ ಅರ್ಥವಾಯಿತು. ಮರುದಿನದಿಂದ ಗೆರೆಗಳು ಸಂಜೆಗೆ ಹೋದವು.

ಈಗ ಬಿಸಿಲೇರಿದೆ. ಮಾಡಬೇಕಾದ ಕೆಲಸ ಹಾಗೇ ಬಿದ್ದಿದೆ. ಆಯಿ ಇದ್ದಿದ್ದರೆ, ಅದನ್ನು ಬಿಟ್ಟು ಕೂತು ಬರೆದ ಈ ಪೋಸ್ಟನ್ನೂ ಒಣಮೀನು ಎನ್ನುತ್ತಿದ್ದಳು.