ಕುಂಕುಮ ಹಚ್ಚಿದ ಸ್ವಿಚ್ ಬಾಕ್ಸ್

ಹುನಗುಂದದ ಹತ್ತಿರದ ಆ ಸ್ಪಿರಿಟ್ ಕಾರ್ಖಾನೆಯ ಸೂಪರ್‌ವೈಸರಿಗೊಂದು ರೂಢಿ. ಬೆಳಿಗ್ಗೆ ಪಂಪಿನ ಕೋಣೆಯ ಸ್ವಿಚ್ ಬಾಕ್ಸ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಆಮೇಲೆ ದೂರ ಅಂಗಳಕ್ಕೆ ಬಂದು ನಿಂತು, "ದಾವಲಸಾಬ, ಸ್ವಿಚ್ ಹಾಕೋ" ಎಂದು ಪಂಪಿನ ಕೆಲಸದವನಿಗೆ ಹೇಳುತ್ತಾರೆ.

ತಪಾಸಣೆಗೆ ಹೋಗಿದ್ದ ನಾನು ಬಾಕ್ಸಿನ ಮೇಲಿನ ಆಯುಧಪೂಜೆಯ ಕುಂಕುಮ ಒರೆಸಿದೆ. ಸ್ಪಿರಿಟ್ಟಿನ ಆವಿ ತುಂಬುವ ಕೋಣೆಗೆ, ಒಳಗಿನ ಕಿಡಿಯಿಂದ ಹೊರಗೆ ಬೆಂಕಿ ಹತ್ತಗೊಡದ ಬಾಕ್ಸೇ ಬೇಕು. ಅದರ ಮೇಲೆ ಪ್ರಮಾಣೀಕರಣದ ಗುರುತಿರಬೇಕು. ಕುಂಕುಮದ ಕೆಳಗೆ ಬರೀ ತಗಡಿತ್ತು. ಮನೆಗೆ ಹಾಕುವ ಸಾದಾ ಬಾಕ್ಸ್!

ಅಂಗಳಕ್ಕೆ ಬಂದು ಹೇಳಿದಾಗ ಸೂಪರ್‌ವೈಸರು ಅಂದರು, "ನಡಿತೈತಿ ಬಿಡ್ರಿ ಮೇಡಂ. ಇಷ್ಟ ದಿನ ಏನ ಆಗೇತಿ? ಭಾಳ ಅಂಜತೀರಿ ನೀವು. ಪಾಸ್ ಅಂತ ಬರೀರಿ."

ಸಿಟ್ಟು ಬಂದರೆ ನನ್ನ ದನಿ ಇನ್ನೂ ಸಣ್ಣದಾಗುತ್ತದೆ. ದಾವಲಸಾಬ ಆಗಲೇ ಒಳಗೆ ಹೊರಟಿದ್ದ. ಅವನನ್ನು ತಡೆದೆ.

"ಇವತ್ತ ಅಂವ ಬ್ಯಾಡ. ನೀವ ಒಳಗ ಹೋಗಿ ಹಾಕ್ರಿ, ಸರ್."

ಅವರು ರಿಂಗೇ ಆಗದ ಫೋನನ್ನು ಕಿವಿಗೆ ಹಿಡಿದುಕೊಂಡರು.