ಆಷಾಢದ ಗಟ್ಟಿಮೇಳ

ಆಷಾಢದಲ್ಲಿ ಮುಚ್ಚಿಟ್ಟ ಕಲ್ಯಾಣ ಮಂಟಪಕ್ಕೆ ಒಂದು ವಾಸನೆಯಿರುತ್ತದೆ. ಬಾಡಿದ ಸೇವಂತಿಗೆ, ಫಿನಾಯಿಲ್, ಎಂದೋ ಚೆಲ್ಲಿದ ತುಪ್ಪ, ಸುತ್ತಿಟ್ಟ ಜಮಖಾನದ ಧೂಳು ಎಲ್ಲ ಸೇರಿದ ವಾಸನೆ. ಮದುವೆಗೆ ಬಂದ ನಿಮಗೆ ಅದು ಸಿಕ್ಕಿರುವುದಿಲ್ಲ. ಹಿಂದಿನ ದಿನವೇ ನಾವು ಕಿಟಕಿ ತೆಗೆದು ಓಡಿಸಿರುತ್ತೇವೆ. ಈ ಬೆಳಿಗ್ಗೆ ಮಾರೇನಹಳ್ಳಿಯ ನಮ್ಮ ಮಂಟಪದ ಶಟರ್ ಎತ್ತಿದಾಗ ಅದು ಮೂಗಿಗೆ ಬಡಿಯಿತು, ನನಗೆ ಸೀದಾ ಟ್ರಾಂಬೋನ್ ನೆನಪಾಯಿತು. ಎರಡಕ್ಕೂ ಏನು ಸಂಬಂಧ ಎನ್ನುತ್ತೀರಿ. ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಈ ಮಂಟಪ ಕಟ್ಟಿಸಿದರು. ಅದನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗ. ಕಂಡವರ ಮದುವೆ ಊಟ ಉಂಡು ಉಂಡು ನನಗೆ ಹೊಟ್ಟೆ ಬಂದಿದೆ, ಮುಚ್ಚಿಡುವ ವಿಷಯವಲ್ಲ ಅದು. ಆಷಾಢ ಬಂದರೆ ಮಾತ್ರ ಕೈ ಖಾಲಿ. ಅಡುಗೆಯವರು, ಹೂವಿನವರು, ವಾಲಗದವರು, ಬ್ಯಾಂಡ್ ಸೆಟ್ಟಿನವರು, ನಾನು, ಎಲ್ಲರೂ ಒಟ್ಟಿಗೆ ಆಕಳಿಸುವ ತಿಂಗಳು ಅದು. ಅಂಥದೊಂದು ಆಷಾಢದಲ್ಲಿ, ಕೆಲವು ವರ್ಷಗಳ ಹಿಂದೆ, ಮೇಘನಾ ಬಂದಳು.

ಬಸವೇಶ್ವರನಗರದ ಹುಡುಗಿ. ದೊಡ್ಡ ದೊಡ್ಡ ವಾದ್ಯಮೇಳಗಳಿಗೆ ಸಂಗೀತ ಬರೆಯುವುದನ್ನು ಹೊರದೇಶದಲ್ಲಿ ಕಲಿತು ಬಂದಿದ್ದಳು. ತಿಂಗಳು ಪೂರ್ತಿ ಅಭ್ಯಾಸಕ್ಕೆ, ಕೊನೆಗೆ ಒಂದು ಸಂಜೆ ಕಛೇರಿಗೆ ಹಾಲ್ ಬೇಕು ಎಂದಳು.

"ಏನ್ ಪ್ರೋಗ್ರಾಮಮ್ಮ?" ಎಂದು ಕೇಳಿದೆ.

"ಆರ್ಕೆಸ್ಟ್ರಾ ಅಂಕಲ್. ಜಾಝೂ ಇರುತ್ತೆ, ಹೊಸ ಥರದ್ ವೆಸ್ಟರ್ನ್ ಕ್ಲಾಸಿಕಲ್ಲೂ ಇರುತ್ತೆ."

ಆರ್ಕೆಸ್ಟ್ರಾ ಎಂದರೆ ನಮ್ಮಲ್ಲಿ ರಿಸೆಪ್ಷನ್ ದಿನ ಮಿರಿಮಿರಿ ಕೋಟು ಹಾಕಿಕೊಂಡು ಸಿನಿಮಾ ಹಾಡು ಹೇಳುವವರು. ಖಾಲಿ ಕೂತ ನನಗೂ ಹೊತ್ತು ಹೋದೀತು ಎಂದು ಒಪ್ಪಿಕೊಂಡೆ.

ಬಂದವರೇ ಬೇರೆ. ಪಿಟೀಲಿನವರು, ದೊಡ್ಡ ಪಿಟೀಲಿನಂಥ ಚೆಲ್ಲೋವನ್ನು ತಬ್ಬಿಕೊಂಡ ಒಬ್ಬ ಹುಡುಗಿ, ಚರ್ಚಿನಲ್ಲಿ ಸ್ಯಾಕ್ಸಫೋನ್ ನುಡಿಸುವವರು. ಅವರ ಹಿಂದೆ ಟ್ರಂಪೆಟ್ಟು, ಉದ್ದ ಕೊಳವೆ ಹಿಂದೆ ಮುಂದೆ ಎಳೆದು ಊದುವ ಟ್ರಾಂಬೋನು ಹಿಡಿದ ನಾಯಂಡಹಳ್ಳಿಯ ಬ್ಯಾಂಡ್ ಸೆಟ್ಟಿನ ಹುಡುಗರು. ಎಲ್ಲರ ಹಿಂದೆ, ಡೋಲಿನವನ ಜೊತೆ, ನಮ್ಮ ಮಂಟಪದ ಮದುವೆಗಳಿಗೆ ಖಾಯಂ ನಾಗಸ್ವರ ನುಡಿಸುವ ಹೇರೋಹಳ್ಳಿಯ ಮುನಿರಾಜಣ್ಣ.

"ಮುನಿರಾಜಣ್ಣ, ನೀವೇನ್ ಇಲ್ಲಿ?"

"ಆಷಾಢ ಅಲ್ವಾ ಸಾರ್. ಈ ಮಗು ಕರೀತು, ಬಂದ್ವಿ."

ಬೇರೆ ತಿಂಗಳಲ್ಲಾದರೆ ಇಷ್ಟು ಜನ ಒಂದೇ ಕಡೆ ಸಿಗುವುದಿಲ್ಲ ಎಂದು ಮೇಘನಾ ಆಮೇಲೆ ಹೇಳಿದಳು. ಲೆಕ್ಕಾಚಾರದ ಹುಡುಗಿ.

ಮೊದಲ ವಾರ ನಾನು ಪಟ್ಟ ಪಾಡು ನನಗೇ ಗೊತ್ತು. ಟ್ರಾಂಬೋನುಗಳು ಒಂದೇ ಸ್ವರ ಹಿಡಿದುಕೊಂಡು ಬಿಡುವುದೇ ಇಲ್ಲ. ಅದರ ಮೇಲೆ ಪಿಟೀಲುಗಳು ಒಂದೊಂದೂ ಒಂದೊಂದು ಕಡೆಗೆ ಜಾರುತ್ತವೆ. ಸ್ಯಾಕ್ಸಫೋನಿನವನು ಬಸ್ಸು ತಪ್ಪಿಹೋಗುತ್ತದೆ ಎನ್ನುವವನ ಹಾಗೆ ಇದ್ದಕ್ಕಿದ್ದಂತೆ ಓಡುತ್ತಾನೆ. ತಾಳ ಹಾಕೋಣವೆಂದು ತೊಡೆಯ ಮೇಲೆ ಕೈಯಿಟ್ಟರೆ ಕೈ ಅಲ್ಲೇ ಉಳಿಯುತ್ತದೆ. ಶ್ರುತಿ ಸೇರಿಸುತ್ತಿದ್ದಾರೆ, ಇನ್ನೇನು ಶುರುವಾಗುತ್ತದೆ ಎಂದು ಬಹಳ ಹೊತ್ತು ಕಾದೆ. ಅದೇ ಸಂಗೀತ ಎಂದು ತಡವಾಗಿ ತಿಳಿಯಿತು. ಆದರೆ ದಿನವೂ ಕೇಳುತ್ತಾ ಕೇಳುತ್ತಾ, ಟ್ರಾಂಬೋನುಗಳು ನಿಂತ ಕ್ಷಣ ಹಾಲ್ ಇನ್ನಷ್ಟು ದೊಡ್ಡದಾದಂತೆ ಅನಿಸತೊಡಗಿತು. ಯಾಕೆ ಎಂದು ವಿವರಿಸಲು ನನಗೆ ಬರುವುದಿಲ್ಲ. ಇಷ್ಟವಾಯಿತು, ಅಷ್ಟೆ.

ಒಂದು ಮಧ್ಯಾಹ್ನ ಮೇಘನಾ ಎಲ್ಲರನ್ನೂ ನಿಲ್ಲಿಸಿ, ಇನ್ನೊಂದು ಸಲ ಎನ್ನುವಂತೆ ತೋರುಬೆರಳು ಎತ್ತಿ ಅಲ್ಲಾಡಿಸಿದಳು. ಮುಹೂರ್ತದಲ್ಲಿ ಪುರೋಹಿತರು ಹಾಗೆ ಬೆರಳು ಅಲ್ಲಾಡಿಸಿದರೆ ಅದು ಗಟ್ಟಿಮೇಳಕ್ಕೆ ಸನ್ನೆ. ಪಾಪ, ಅವಳಿಗೆ ಅದು ಹೊಳೆದಿರಲಿಲ್ಲ. ಮುನಿರಾಜಣ್ಣನ ನಾಗಸ್ವರವೂ ಡೋಲೂ ಒಮ್ಮೆಲೇ ಮೊಳಗಿದವು. ಮದುವೆಗಳಲ್ಲಿ ಪಳಗಿದ ಬ್ಯಾಂಡಿನ ಹುಡುಗರೂ ಕೆನ್ನೆಯುಬ್ಬಿಸಿ ಊದಿದರು. ಪಿಟೀಲಿನವರು ಬೆಚ್ಚಿಬಿದ್ದರು.

"ಇದ್ಯಾವ ರಾಗ ಅಣ್ಣ?" ಎಂದು ಮೇಘನಾ ಕೇಳಿದಳು.

"ರಾಗ ಗೀಗ ಏನಿಲ್ಲ ಕಣವ್ವ," ಎಂದರು ಮುನಿರಾಜಣ್ಣ. "ತಾಳಿ ಕಟ್ಟೋ ಹೊತ್ನಲ್ಲಿ ಯಾರಾದ್ರೂ ಸೀನಿದ್ರೆ, ಅತ್ರೆ ಕೇಳಿಸ್ಬಾರ್ದು. ಅದಕ್ಕೆ ಆದಷ್ಟು ಜೋರಾಗಿ ನುಡಿಸೋದು. ತಪ್ಪಾಯ್ತು, ಬೆರಳು ನೋಡಿ ಬಂದ್ಬಿಡ್ತು."

"ತಪ್ಪೇನಿಲ್ಲ. ನನಗದು ಬೇಕು. ಕೊನೇಲಿ ಹಾಕ್ತೀನಿ."

ಎಲ್ಲರೂ ನಗುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ. ಮೂಲೆಯಲ್ಲಿ ಜಮಖಾನ ಮಡಿಸುತ್ತಿದ್ದ ನಮ್ಮ ದೊಡ್ಡಮ್ಮ, ಗಟ್ಟಿಮೇಳ ಕಿವಿಗೆ ಬಿದ್ದದ್ದೇ, ಎದ್ದು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ದೊಡ್ಡಮ್ಮ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮಂಟಪ ಶುರುವಾದಾಗಿನಿಂದ ಉಗ್ರಾಣ ಅವಳದು. ಅಕ್ಕಿ, ಬೇಳೆ, ಬಾಳೆಲೆ ಯಾವುದೂ ಅವಳ ಕಣ್ಣು ತಪ್ಪಿಸಿ ಹೊರಗೆ ಹೋಗುವುದಿಲ್ಲ. ಮುಹೂರ್ತದ ಹೊತ್ತಿಗೆ ಒಳಗೆ ಸೇರಿಕೊಳ್ಳುತ್ತಾಳೆ. ಗಂಡನಿಲ್ಲದವಳು ತಾಳಿ ಕಟ್ಟುವಾಗ ಎದುರಿಗಿರಬಾರದು ಎಂದು ಯಾರೋ ಎಂದೋ ಹೇಳಿದ್ದರು. ಆಮೇಲೆ ಯಾರೂ ಹೇಳುವ ಅಗತ್ಯವೇ ಬರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ನೋಡುವವರಿಗೆ ಅವಳು ಏನೋ ಕೆಲಸಕ್ಕೆ ಹೋದಂತೆಯೇ ಕಾಣುತ್ತದೆ, ನನಗೂ ಹಾಗೇ ಕಂಡಿತ್ತು. ಮದುವೆಯೇ ಇಲ್ಲದ ಮಂಟಪದಲ್ಲಿ, ಬರೀ ಸದ್ದಿಗೆ, ಅವಳು ಎದ್ದು ಹೋದದ್ದನ್ನು ಕಂಡು ನನಗೆ ಬಹಳ ಸಂಕಟವಾಯಿತು. ಕಛೇರಿಯ ದಿನ ಇವಳನ್ನು ಹೊರಗೆ, ಎಲ್ಲರ ಜೊತೆ ಕೂರಿಸಲೇಬೇಕು ಎಂದುಕೊಂಡೆ.

ನನ್ನಿಂದ ವಿಷಯ ತಿಳಿದ ಮೇಘನಾ ತಾನೇ ಉಗ್ರಾಣದ ಬಾಗಿಲಿಗೆ ಹೋದಳು.

"ಅಜ್ಜಿ, ನಿಮಗೆ ಬೇಜಾರಾಗೋದಾದ್ರೆ ಅದನ್ನ ತೆಗೆದ್ಬಿಡ್ತೀನಿ."

"ಯಾಕ್ ತೆಗೀತೀಯ? ನೀನ್ ಮಾಡ್ಸೋದ್ರಲ್ಲಿ ಅದೊಂದೇ ನೆಟ್ಟಗಿರೋದು. ನಾನ್ ಒಳಗಿಂದ್ಲೇ ಕೇಳ್ತೀನಿ ಬಿಡು."

"ಅದಾದ್ಮೇಲೆ ಚೆಲ್ಲೋ ಒಂದೇ ಇರುತ್ತೆ ಅಜ್ಜಿ, ತುಂಬ ಮೆಲ್ಲಗೆ. ಅದು ಒಳಕ್ಕೆ ಕೇಳಲ್ಲ."

ದೊಡ್ಡಮ್ಮ ಬೆಲ್ಲದ ಡಬ್ಬಿಗೆ ಮುಚ್ಚಳ ಹಾಕಿ, "ನೋಡೋಣ," ಎಂದಳು.

ಕಛೇರಿಗೆ ನಮ್ಮ ನೆಂಟರು, ಬೀದಿಯವರು, ಮೇಘನಾಳ ಸ್ನೇಹಿತರು ಬಂದಿದ್ದರು. ಟ್ರಾಂಬೋನುಗಳ ಹೊತ್ತಿಗೆ ಕೆಲವರು ಫೋನ್ ಬಂದವರ ಹಾಗೆ ಎದ್ದು ಹೋದರು. ದೊಡ್ಡಮ್ಮ ನನ್ನ ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದಳು. ಕೊನೆಯಲ್ಲಿ ಮೇಘನಾ ಬೆರಳೆತ್ತಿದಳು. ನಾಗಸ್ವರ, ಡೋಲು, ಟ್ರಂಪೆಟ್ಟು, ಪಿಟೀಲು, ಎಲ್ಲರೂ ಕೈಗೆ ಬಂದದ್ದನ್ನು ಕೈಲಾದಷ್ಟು ಜೋರಾಗಿ ನುಡಿಸಿದರು. ನಮ್ಮ ನೆಂಟರು ಅಕ್ಷತೆಗೆ ತಡಕಾಡಿದರು. ನನ್ನ ಕೈಯೂ ಮೇಲೆದ್ದಿತ್ತು. ದೊಡ್ಡಮ್ಮ ಎದ್ದು ಹೊರಟಳು. "ಕೂತ್ಕೋ ದೊಡ್ಡಮ್ಮ," ಎಂದೆ. ಆ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಅವಳು ಉಗ್ರಾಣದ ಬಾಗಿಲು ತಲುಪಿ ಚಿಲಕಕ್ಕೆ ಕೈ ಹಾಕುವುದಕ್ಕೂ ಮೇಘನಾ ಮುಷ್ಟಿ ಬಿಗಿಯುವುದಕ್ಕೂ ಸರಿಹೋಯಿತು. ಎಲ್ಲ ನಿಂತುಹೋಯಿತು.

ಮದುವೆಯಲ್ಲಾದರೆ ಗಟ್ಟಿಮೇಳ ನಿಂತೊಡನೆ ಮಾತು, ನಗು, ಫೋಟೋದವರ ಕೂಗಾಟ. ಇಲ್ಲಿ ಯಾರೂ ಉಸಿರೆತ್ತಲಿಲ್ಲ. ಆ ಚಿಲಕವೋ ಎಳೆದರೆ ಬೀದಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತದೆ. ಅವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ಚಿಲಕದ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಳು. ಚೆಲ್ಲೋದ ಹುಡುಗಿ ಒಂದು ತಗ್ಗು ಸ್ವರವನ್ನು ಬಹಳ ನಿಧಾನವಾಗಿ ಎಳೆಯತೊಡಗಿದಳು. ದೊಡ್ಡಮ್ಮ ಮೊದಲು ತಲೆ ತಿರುಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಪೂರ್ತಿ ತಿರುಗಿ, ಬಾಗಿಲಿಗೆ ಒರಗಿ, ಮುಗಿಯುವವರೆಗೂ ವೇದಿಕೆಯನ್ನೇ ನೋಡುತ್ತಾ ಕೇಳಿದಳು.

"ಚಿಲಕ ಎಳೆದಿದ್ರೆ ಸದ್ದಾಗ್ತಿತ್ತು ಕಣೋ, ಪಾಪ ಆ ಹುಡುಗಿ ಬಾರಿಸ್ತಿದ್ಲು," ಎಂದಳು ಆಮೇಲೆ. ನಾನೇನೂ ಕೇಳಿರಲಿಲ್ಲ. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಇನ್ನೊಂದು ಮಾತು ಸೇರಿಸಿದಳು. "ಆ ಜೋರು ನಿಂತ್ಮೇಲೆ ಏನಿರುತ್ತೆ ಅಂತ ನಾನ್ ಯಾವತ್ತೂ ನೋಡಿರ್ಲಿಲ್ಲ."

ಒಂದು ಕಛೇರಿಯಿಂದ ಎಲ್ಲ ಬದಲಾಯಿತು ಎಂದರೆ ಸುಳ್ಳಾದೀತು. ಶ್ರಾವಣದ ಮೊದಲ ಮದುವೆಗೇ ಅವಳು ಉಗ್ರಾಣ ಸೇರಿದಳು. ನಾನು ಬೇಡವೆಂದೆ, ಬೈಸಿಕೊಂಡೆ. ಅಲ್ಲಿಂದೀಚೆಗೆ ಮೇಘನಾ ಪ್ರತಿ ಆಷಾಢದಲ್ಲೂ ಹೊಸದೊಂದನ್ನು ಬರೆದುಕೊಂಡು ಬರುತ್ತಾಳೆ. ದೊಡ್ಡಮ್ಮ ಅಭ್ಯಾಸಕ್ಕೆಲ್ಲ ಕೂತು, ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎಂದು ಅವಳ ಮುಖಕ್ಕೇ ಹೇಳುತ್ತಾಳೆ. ಮದುವೆಗಳಿಗೆ ಮಾತ್ರ ಅದೇ ಬಾಗಿಲು, ಅದೇ ಚಿಲಕ. ಬರುವ ಶ್ರಾವಣದಲ್ಲಿ ನನ್ನ ಮಗಳ ಮದುವೆಯೂ ಇಲ್ಲೇ. ಆ ದಿನ ಏನಾಗುತ್ತದೋ ಎಂಬುದು ಕೆಲವು ವಾರಗಳಿಂದ ನನ್ನನ್ನು ಕೊರೆಯುತ್ತಿತ್ತು, ಕೇಳಲು ಧೈರ್ಯ ಬಂದಿರಲಿಲ್ಲ.

ಇವತ್ತು ಮೇಘನಾಳ ತಂಡಕ್ಕೆಂದು ಹಾಲ್ ಗುಡಿಸಿ ಕುರ್ಚಿ ಹಾಕುತ್ತಿದ್ದೆ. ದೊಡ್ಡಮ್ಮನದನ್ನು ಸಾಲಿನ ಕೊನೆಗೆ ಎಳೆದೆ.

"ಅಲ್ಲಲ್ಲ, ಮಧ್ಯಕ್ಕೆ ಹಾಕು," ಎಂದಳು. "ಕೊನೇದು ಎದ್ದು ಹೋಗೋರಿಗೆ ಬಿಡು."

ಮಧ್ಯಕ್ಕೆ ಹಾಕಿದೆ. ಅವಳು ಕೂತು, ಮಂಡಿ ನೀವಿಕೊಂಡು, ಖಾಲಿ ವೇದಿಕೆಯನ್ನು ಒಂದು ಸಲ ಆ ತುದಿಯಿಂದ ಈ ತುದಿಯವರೆಗೂ ನೋಡಿದಳು.

"ನಿನ್ ಮಗಳ ಮದುವೆ ದಿನಾನೂ ನನ್ ಕುರ್ಚಿ ಇಲ್ಲೇ ಇರ್ಲಿ," ಎಂದಳು. "ಉಗ್ರಾಣಕ್ಕೆ ಅವತ್ತು ಬೇರೆ ಯಾರನ್ನಾದ್ರೂ ನೋಡ್ಕೋ."